ಕೌಂಟ್ ಬಾಲ್ಡ್ವಿನ್‌ನ ಮನೆವಾರ್ತೆ

ಗೀನ್ ಎಂಬ ಸಣ್ಣ ಸೀಮೆಯ ಕೌಂಟ್ ಎರಡನೆಯ ಬಾಲ್ಡ್ವಿನ್ 1206ರಲ್ಲಿ ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಅವನ ಮಕ್ಕಳೇ 33 ಮಂದಿ. ಹತ್ತಿರದ ಮಠದ ಸನ್ಯಾಸಿಗಳು ಇದನ್ನು ಎಣಿಸಿ ಬರೆದಿಟ್ಟಿದ್ದಾರೆ. ಧರ್ಮಪತ್ನಿ ಕ್ರಿಸ್ಟೀನ್ ಹೆತ್ತವರು ಆ ಗುಂಪಿನಲ್ಲಿ ಮೂರನೆಯ ಒಂದು ಪಾಲೂ ಇರಲಿಲ್ಲ. ಉಳಿದವರೆಲ್ಲ ಬೇರೆ ಬೇರೆ ಹೆಂಗಸರ ಮಕ್ಕಳು. ಅವರನ್ನು ಯಾರೂ ಬಚ್ಚಿಟ್ಟಿರಲಿಲ್ಲ, ಯಾರೂ ಮೂಗು ಮುರಿಯಲೂ ಇಲ್ಲ. ಆ ಮನೆತನದ ಚರಿತ್ರೆ ಬರೆದ ಪಾದ್ರಿಯಂತೂ ತನ್ನ ಒಡೆಯನ ಈ ಸಾಮರ್ಥ್ಯದ ಮುಂದೆ ದಾವೀದನೂ ಇಲ್ಲ, ಸಾಲೊಮನ್ನನೂ ಇಲ್ಲ ಎಂಬಂತೆ ಬರೆದಿದ್ದಾನೆ. ಅದು ಹೊಗಳಿಕೆಯೋ ಕೊಂಕೋ ಎಂದು ಎರಡು ಸಲ ಓದಿದರೂ ತೀರ್ಮಾನವಾಗುವುದಿಲ್ಲ.

ಕೌಂಟ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಕರಿ ನಿಲುವಂಗಿಯ ಡ್ರಾಕುಲಾ ಕಣ್ಣಮುಂದೆ ಬರುತ್ತಾನೆ. ನಿಜವಾದ ಕೌಂಟರು ಅದಕ್ಕಿಂತ ಬಹಳ ಸಪ್ಪೆ ಕೆಲಸದಿಂದ ಶುರುವಾದವರು. ಶಾರ್ಲಮೇನ್ ಮತ್ತು ಅವನ ವಂಶದವರ ಕಾಲದಲ್ಲಿ ಒಂದು ಸೀಮೆಯ ಕಂದಾಯ, ನ್ಯಾಯ, ದಂಡು ಇವನ್ನು ನೋಡಿಕೊಳ್ಳಲು ಅರಸ ನೇಮಿಸಿದ ಅಧಿಕಾರಿಯೇ ಕೌಂಟ್. ಅವನನ್ನು ತೆಗೆದು ಇನ್ನೊಬ್ಬನನ್ನು ಹಾಕಬಹುದಿತ್ತು. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಅರಸರ ಕೈ ಸೋತಿತು. ನಮ್ಮ ಹಳ್ಳಿಗಳಲ್ಲಿ ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಇಳಿದುಬಂದ ಹಾಗೆ ಅಲ್ಲಿ ಕೌಂಟ್ ಪದವಿ ಮನೆಯ ಆಸ್ತಿಯಾಯಿತು. ಹುದ್ದೆ ಆಸ್ತಿಯಾದ ಮೇಲೆ ಅದನ್ನು ಉಳಿಸಿಕೊಳ್ಳುವ ದಾರಿಗಳೂ ಆಸ್ತಿ ಉಳಿಸಿಕೊಳ್ಳುವ ದಾರಿಗಳೇ: ಯಾರು ಯಾರನ್ನು ಮದುವೆಯಾಗಬೇಕು, ಯಾರು ಆಗಬಾರದು, ಯಾವ ಮಗ ಮಠಕ್ಕೆ, ಯಾವ ಮಗಳು ಎಲ್ಲಿಗೆ, ಯಾವ ತೊಟ್ಟಿಲು ತುಂಬಿತು, ಯಾವುದು ಬರಿದಾಯಿತು. ಮಧ್ಯಯುಗದ ಸಾಮಂತರ ಕಥೆಯನ್ನು ನಾವು ಕತ್ತಿ ಕುದುರೆಗಳ ಕಥೆ ಎಂದು ಓದುತ್ತೇವೆ. ಗೀನಿನ ಮನೆತನವನ್ನು ಹತ್ತಿರದಿಂದ ನೋಡಿದರೆ ಕತ್ತಿ ಯಾವಾಗಲೋ ಒಮ್ಮೆ ಹೊರಬರುತ್ತದೆ, ಮನೆವಾರ್ತೆ ಮಾತ್ರ ದಿನವೂ ನಡೆಯುತ್ತದೆ.

ಗೀನ್ ಇರುವುದು ಈಗಿನ ಉತ್ತರ ಫ್ರಾನ್ಸಿನಲ್ಲಿ, ಕ್ಯಾಲೇ ಬಂದರಿಗೆ ಕೂಗಳತೆಯ ದೂರದಲ್ಲಿ. ಜೌಗು ನೆಲ, ಕಡಲ ಗಾಳಿ, ಆಚೆ ದಡದಲ್ಲಿ ಇಂಗ್ಲೆಂಡ್. ಗೀನಿನ ಕೌಂಟ್ ಫ್ಲಾಂಡರ್ಸ್‌ನ ಕೌಂಟನಿಗೆ ಅಧೀನ, ಅವನು ಫ್ರಾನ್ಸಿನ ಅರಸನಿಗೆ ಅಧೀನ. ಗೀನಿನ ಕೌಂಟನ ಕೆಳಗೆ ಆರ್ದ್ರ್ ಎಂಬ ಊರಿನ ಒಡೆಯ. ಕೆಳಗಿನವನು ಮಂಡಿಯೂರಿ, ಜೋಡಿಸಿದ ಎರಡೂ ಕೈಗಳನ್ನು ಮೇಲಿನವನ ಅಂಗೈಗಳ ನಡುವೆ ಇಟ್ಟು, ನಾನು ನಿಮ್ಮವನು ಎಂದು ಒಪ್ಪಿಸಿಕೊಳ್ಳಬೇಕು. ಆಮೇಲೆ ಉಂಬಳಿಯ ನೆಲ ಅವನದು. ಮಾತು ಇಷ್ಟು ವಿಧೇಯ, ನಡತೆ ಅಷ್ಟೇನೂ ಅಲ್ಲ. ಗೀನಿಗೂ ಆರ್ದ್ರಿಗೂ ನಡುವಿನ ದಾರಿ ಹತ್ತು ಕಿಲೋಮೀಟರ್ ಆಸುಪಾಸು. ಈ ಎರಡು ಮನೆಗಳು ತಲೆಮಾರುಗಟ್ಟಲೆ ಹಾವು ಮುಂಗುಸಿಯಂತೆ ಬಾಳಿದವು.

ಇಂಥ ಸಣ್ಣ ಒಡೆಯರ ಒಳಮನೆಯ ಸಂಗತಿ ನಮಗೆ ತಿಳಿದಿರುವುದು ಆರ್ದ್ರಿನ ಚರ್ಚಿನ ಪಾದ್ರಿ ಲ್ಯಾಂಬರ್ಟ್‌ನ ದೆಸೆಯಿಂದ. 1200ರ ಆಸುಪಾಸಿನಲ್ಲಿ ಅವನು ಗೀನಿನ ಕೌಂಟರ ವಂಶಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದ. ಲ್ಯಾಂಬರ್ಟ್ ಸಂಸಾರಸ್ಥ. ಪಾದ್ರಿಗಳು ಮದುವೆಯಾಗಕೂಡದೆಂದು ರೋಮಿನಲ್ಲಿ 1123 ಮತ್ತು 1139ರ ಧರ್ಮಸಭೆಗಳು ಕಟ್ಟಪ್ಪಣೆ ಮಾಡಿ ಎಷ್ಟೋ ಕಾಲವಾಗಿತ್ತು. ಇವನಿಗೆ ಮಕ್ಕಳಿದ್ದರು, ಗಂಡುಮಕ್ಕಳಿಬ್ಬರು ತಾವೂ ಪಾದ್ರಿಗಳಾಗಿದ್ದರು, ಮಗಳನ್ನು ಆರ್ದ್ರಿನ ಒಡೆಯರ ಮನೆತನದ ಒಂದು ಕವಲಿಗೇ ಕೊಟ್ಟಿದ್ದ. ಹಾಗಾಗಿ ಅವನು ಬರೆಯುವುದು ಹೊರಗೆ ನಿಂತು ನೋಡಿದವನ ಬರಹವಲ್ಲ. ಬೀಗರ ಮನೆಯ ವಿಷಯ ಬರೆಯುವವನ ಎಚ್ಚರ ಮತ್ತು ಚಪಲ ಎರಡೂ ಅದರಲ್ಲಿವೆ. ಫ್ರೆಂಚ್ ಇತಿಹಾಸಕಾರ ಜಾರ್ಜ್ ದ್ಯುಬಿ ಮಧ್ಯಯುಗದ ಮದುವೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪಾದ್ರಿಗೆ ಒಂದು ದೊಡ್ಡ ಪಾಲು ಕೊಟ್ಟದ್ದು ಸುಮ್ಮನಲ್ಲ.

ಲ್ಯಾಂಬರ್ಟ್ ಬರೆದುದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆರ್ದ್ರಿನ ಮನೆಯ ವರ್ಣನೆ. ಕ್ರಿಸ್ಟೀನಳ ಹಿರಿಯರಲ್ಲಿ ಅರ್ನೋಲ್ಡ್ ಎಂಬೊಬ್ಬ 12ನೆಯ ಶತಮಾನದ ಮೊದಲ ಭಾಗದಲ್ಲಿ ಬೂರ್‌ಬೂರಿನ ಲೂಯಿ ಎಂಬ ಬಡಗಿಯಿಂದ ಇದನ್ನು ಕಟ್ಟಿಸಿದ. ಕೋಟೆ ಎನ್ನುತ್ತಲೇ ಕಲ್ಲಿನ ಬುರುಜು ನೆನೆಯಬೇಡಿ. ಇದು ಮಣ್ಣು ಒಟ್ಟಿ ಎಬ್ಬಿಸಿದ ದಿಬ್ಬದ ಮೇಲಿನ ಮರದ ಮನೆ. ನೆಲಮಟ್ಟದಲ್ಲಿ ಉಗ್ರಾಣ: ಕಾಳಿನ ಕಣಜಗಳು, ದೊಡ್ಡ ಪೆಟ್ಟಿಗೆಗಳು, ಪೀಪಾಯಿಗಳು, ತೊಟ್ಟಿಗಳು. ಅದರ ಮೇಲಿನ ಅಂತಸ್ತಿನಲ್ಲಿ ಎಲ್ಲರೂ ಓಡಾಡುವ ನಡುಮನೆ, ರೊಟ್ಟಿ ಮತ್ತು ದ್ರಾಕ್ಷಾರಸ ಬಡಿಸುವವರ ಕೋಣೆಗಳು, ಒಡೆಯ ಒಡತಿ ಮಲಗುವ ದೊಡ್ಡ ಕೋಣೆ. ಅದಕ್ಕೆ ಅಂಟಿಕೊಂಡಂತೆ ಊಳಿಗದ ಹುಡುಗಿಯರೂ ಮಕ್ಕಳೂ ಮಲಗುವ ಜಾಗ. ದೊಡ್ಡ ಕೋಣೆಯ ಒಳಮೂಲೆಯಲ್ಲಿ ಇನ್ನೊಂದು ಪುಟ್ಟ ಕೋಣೆ. ನಸುಕಿನಲ್ಲಿ, ಸಂಜೆಯಲ್ಲಿ, ಯಾರಿಗಾದರೂ ಕಾಯಿಲೆಯಾದಾಗ, ಮೈಯಿಂದ ರಕ್ತ ತೆಗೆಸುವಾಗ, ಮೊಲೆ ಬಿಡಿಸಿದ ಕೂಸುಗಳನ್ನು ಬೆಚ್ಚಗಿಡಬೇಕಾದಾಗ ಅಲ್ಲಿ ಬೆಂಕಿ ಹಾಕುತ್ತಿದ್ದರು. ಮರದ ಮನೆಯಲ್ಲಿ ಬೆಂಕಿಯನ್ನು ಎಷ್ಟು ಅಳೆದು ಬಳಸುತ್ತಿದ್ದರು ನೋಡಿ. ಅಡುಗೆಮನೆ ಪಕ್ಕದಲ್ಲಿ ಬೇರೆಯೇ. ಅದೂ ಎರಡಂತಸ್ತು. ಕೆಳಗೆ ಕೊಬ್ಬಿಸುತ್ತಿರುವ ಹಂದಿ, ಬಾತು, ಕೋಳಿ. ಮೇಲೆ ಅವನ್ನು ಬೇಯಿಸುವ ಬಾಣಸಿಗರು.

ಎಲ್ಲಕ್ಕಿಂತ ಮೇಲೆ ಅಟ್ಟ. ಅದರ ಒಂದು ಬದಿಯಲ್ಲಿ ಗಂಡುಮಕ್ಕಳು, ಇನ್ನೊಂದು ಬದಿಯಲ್ಲಿ ಹೆಣ್ಣುಮಕ್ಕಳು. ಗಂಡುಮಕ್ಕಳು ತಮಗೆ ಬೇಕೆನಿಸಿದಾಗ ಅಲ್ಲಿ ಮಲಗುತ್ತಿದ್ದರು, ಹೆಣ್ಣುಮಕ್ಕಳು ಅಲ್ಲೇ ಮಲಗಬೇಕಾಗಿತ್ತು ಎಂದು ಲ್ಯಾಂಬರ್ಟ್ ಹೋಗುಹೋಗುತ್ತ ಹೇಳಿ ಮುಂದೆ ಸಾಗುತ್ತಾನೆ. ರಾತ್ರಿ ಕಾವಲಿನವರೂ ಆ ಅಟ್ಟದಲ್ಲೇ ಒರಗುತ್ತಿದ್ದರು. ಸಾಮಂತಶಾಹಿಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳು ಹೇಳುವ ಅರ್ಧ ಮಾತನ್ನು ಈ ಒಂದು ಅಟ್ಟವೇ ಹೇಳಿಬಿಡುತ್ತದೆ. ಮಗ ಊರೂರು ಅಲೆಯಲಿ, ಹೆಸರು ಮಾಡಲಿ, ಸಾಧ್ಯವಾದರೆ ಎಲ್ಲಿಂದಾದರೂ ಆಸ್ತಿಯಿರುವ ಹೆಣ್ಣನ್ನು ತರಲಿ. ಮಗಳು ಕಣ್ಣಳತೆಯಲ್ಲಿರಬೇಕು, ಏಕೆಂದರೆ ನಾಳೆ ಅವಳ ಹೊಟ್ಟೆಯಲ್ಲಿ ಯಾರ ಆಸ್ತಿ ಯಾರಿಗೆ ಎಂಬುದು ತೀರ್ಮಾನವಾಗಬೇಕು. ಮನೆಯಿಂದ ಜಗಲಿಗೂ ಅಲ್ಲಿಂದ ಪ್ರಾರ್ಥನಾ ಮಂದಿರಕ್ಕೂ ಓಣಿಗಳು, ಮೆಟ್ಟಿಲುಗಳು. ಆ ಜಗಲಿ ಇದ್ದುದು ಕುಳಿತು ಹರಟುವುದಕ್ಕೇ.

ಇಷ್ಟು ಜನರ ಹೊಟ್ಟೆ ತುಂಬಬೇಕಲ್ಲ. ಒಡೆಯನ ಗಿರಣಿಯಲ್ಲೇ ಹಿಟ್ಟು ಬೀಸಿಸಬೇಕು, ಅದಕ್ಕೊಂದು ಪಾಲು. ಸಂತೆಗೆ ಸುಂಕ. ಇದರ ಮೇಲೆ ಯಾವಾಗಲೋ ಯಾರದೋ ಹುಕ್ಕಿಗೆ ಶುರುವಾಗಿ ತೆಗೆಯಲಾಗದೆ ಉಳಿದ ವಿಚಿತ್ರ ತೆರಿಗೆಗಳು. ಆರ್ದ್ರಿನ ಒಡೆಯನೊಬ್ಬ ಇಂಗ್ಲೆಂಡಿನಿಂದ ಭಾರಿ ಕರಡಿಯೊಂದನ್ನು ತಂದ. ಅದರ ಮೇಲೆ ನಾಯಿಗಳನ್ನು ಬಿಟ್ಟು ಕಾಳಗ ಆಡಿಸಿದಾಗ ಊರಿಗೆ ಊರೇ ನೆರೆದು ಕೇಕೆ ಹಾಕಿತು. ಹಬ್ಬ ಬಂದಾಗಲೆಲ್ಲ ಇದು ಬೇಕೆಂದು ಜನ ಕೇಳಿದರು. ಸರಿ, ಕರಡಿಗೆ ಮೇವು ಯಾರು ಹಾಕುವುದು? ಒಲೆಯಲ್ಲಿ ರೊಟ್ಟಿ ಸುಟ್ಟಾಗಲೆಲ್ಲ ಪ್ರತಿ ಒಲೆಯಿಂದ ಒಂದು ರೊಟ್ಟಿ ಕರಡಿಗೆ ಎಂದಾಯಿತು. ಕರಡಿ ಒಂದು ದಿನ ಸತ್ತಿತು. ರೊಟ್ಟಿ ವಸೂಲಿ ನಿಲ್ಲಲಿಲ್ಲ. ತನ್ನ ಕಾಲದವರೆಗೂ ಅದು ಒಡೆಯನ ಹಕ್ಕಾಗಿಯೇ ಉಳಿದಿದೆ ಎಂದು ಲ್ಯಾಂಬರ್ಟ್ ಅಸಮಾಧಾನದಿಂದಲೇ ಬರೆಯುತ್ತಾನೆ. ಬರೀ ಮನರಂಜನೆಗಾಗಿ ಊರವರು ತಾವೇ ಕೊರಳೊಡ್ಡಿದ ನೊಗ ಇದು.

ಇನ್ನೊಂದು ತೆರಿಗೆಗೆ ಗುರಿಯಾದವರು ಗೀನಿನ ಸೀಮೆಯಲ್ಲಿ ದೊಣ್ಣೆಯ ಹೊರತು ಬೇರೆ ಆಯುಧ ಹಿಡಿಯಬಾರದವರು. ವರ್ಷಕ್ಕೊಂದು ಕಾಸು, ಮದುವೆಯಾದರೆ ನಾಲ್ಕು, ಸತ್ತರೆ ನಾಲ್ಕು. ಸ್ವತಂತ್ರ ಕುಲದಲ್ಲಿ ಹುಟ್ಟಿದ ಹೆಣ್ಣೊಬ್ಬಳು ಮದುವೆಯಾಗಿ ಗಂಡನ ಊರಿಗೆ ಕಾಲಿಡುತ್ತಿದ್ದಂತೆ ವಸೂಲಿಯವರು ಬಂದು ಅವಳ ಮುಂದೆಯೂ ಕೈಚಾಚಿದರು. ಅವಳಿಗೆ ಆ ತೆರಿಗೆಯ ಹೆಸರೂ ಗೊತ್ತಿರಲಿಲ್ಲ. ಅವಳು ಹೋಗಿ ನಿಂತದ್ದು ಅಂದಿನ ಕೌಂಟ್ ಮನಸ್ಸೆಸ್‌ನ ಹೆಂಡತಿ ಎಮ್ಮಾಳ ಮುಂದೆ. ಎಮ್ಮಾ ಗಂಡನ ಕಿವಿ ಹಿಂಡಿ ಆ ತೆರಿಗೆಯನ್ನೇ ತೆಗೆಸಿದಳು. ಇಡೀ ಪುಸ್ತಕದಲ್ಲಿ ಒಬ್ಬ ಕೌಂಟನ ಮಡದಿ ಆಡಳಿತದ ಮೇಲೆ ಕೈಯಿಟ್ಟು ಏನನ್ನಾದರೂ ಬದಲಿಸಿದ್ದು ನನಗೆ ಎದ್ದು ಕಂಡ ಜಾಗ ಇದೊಂದೇ. ಮಿಕ್ಕ ಹೆಂಗಸರು ಲ್ಯಾಂಬರ್ಟ್‌ನಲ್ಲಿ ಬರುವುದು ಮದುವೆಯಾಗಲು, ಹೆರಲು, ಸಾಯಲು.

ಎಮ್ಮಾಳ ಸಂಸಾರವೇ ಅದಕ್ಕೆ ಸಾಕ್ಷಿ. ಅವಳಿಗೂ ಮನಸ್ಸೆಸ್‌ಗೂ ಇದ್ದುದು ಒಬ್ಬಳೇ ಮಗಳು. ಬೂರ್‌ಬೂರಿನ ಕೋಟೆಯ ಒಡೆಯ ಹೆನ್ರಿಗೆ ಕೊಟ್ಟರು, ಹೆರಿಗೆಯಲ್ಲಿ ಹೋದಳು. ಉಳಿದದ್ದು ಮೊಮ್ಮಗಳು ಬಿಯಾಟ್ರಿಸ್. ಹುಟ್ಟಿನಿಂದಲೇ ರೋಗಿಷ್ಠೆ. ಆದರೇನು, ಇಡೀ ಗೀನ್ ಅವಳ ಸೆರಗಿನಲ್ಲಿತ್ತು. ಇಂಗ್ಲೆಂಡಿನ ಪ್ರಭು ಆಬ್ರಿ ದ ವೇರ್ ಅವಳನ್ನು ಮದುವೆಯಾದ. ಹೆಣ್ಣಿನ ಸ್ಥಿತಿ ನೋಡಿದ ಮೇಲೆ ಅವಳ ಹತ್ತಿರ ಸುಳಿಯುವ ಉಮೇದು ಅವನಿಗೆ ಉಳಿಯಲಿಲ್ಲ. 1137ರಲ್ಲಿ ಮನಸ್ಸೆಸ್ ಸತ್ತಾಗ ಫ್ಲಾಂಡರ್ಸ್‌ಗೆ ಬಂದು ಕೈಜೋಡಿಸಿ ಗೀನನ್ನು ತನ್ನದು ಮಾಡಿಕೊಂಡ, ಆಮೇಲೆ ಹೆಚ್ಚು ಕಾಲ ಕಡಲಾಚೆಯೇ. ಕೊನೆಗೆ ಆ ಮದುವೆಯನ್ನು ಮುರಿಸಿ, ಬಿಯಾಟ್ರಿಸ್‌ಳನ್ನು ಆರ್ದ್ರಿನ ಒಡೆಯನಿಗೆ ಕೊಟ್ಟರು. ಎರಡನೆಯ ಮದುವೆಯ ನಂತರ ಆ ಹುಡುಗಿ ಬದುಕಿದ್ದು ಕೆಲವೇ ದಿನ. ಅಷ್ಟು ಹೊತ್ತಿಗೆ ಮನಸ್ಸೆಸ್‌ನ ತಂಗಿಯ ಮಗ, ಘೆಂಟ್‌ನ ಅರ್ನೋಲ್ಡ್, ಸೀಮೆಯೊಳಗೆ ನುಗ್ಗಿ ಕುಳಿತಾಗಿತ್ತು. ದಾಯಾದಿ ಕಲಹ ಮುಗಿದದ್ದು ಯುದ್ಧದಿಂದ ಎಂದು ಹೇಳಬಹುದು. ಅದಕ್ಕಿಂತ ಹೆಚ್ಚಾಗಿ ಅದು ಮುಗಿದದ್ದು ಒಬ್ಬ ಹುಡುಗಿ ಮಕ್ಕಳಿಲ್ಲದೆ ಸತ್ತದ್ದರಿಂದ.

ಈ ಅರ್ನೋಲ್ಡನ ಹಿರಿಯ ಮಗನೇ ನಮ್ಮ ಬಾಲ್ಡ್ವಿನ್. ಹಗೆಯ ಎರಡು ಮನೆಗಳನ್ನು ಒಂದು ಮಾಡಲು ಅಪ್ಪ ಅವನಿಗೆ ಆರ್ದ್ರಿನ ಮಗಳು ಕ್ರಿಸ್ಟೀನಳನ್ನು ತಂದ. ಕೌಂಟನ ಮಗ ತನ್ನ ಅಪ್ಪನಿಗೆ ಮಂಡಿಯೂರುವವನ ಮಗಳನ್ನು ತರುವುದು ಆಗಿನ ಕಣ್ಣಿಗೆ ಒಂದು ಮೆಟ್ಟಿಲು ಇಳಿದಂತೆಯೇ. ಲ್ಯಾಂಬರ್ಟ್ ಇದನ್ನು ಮುಚ್ಚಿಡುವುದಿಲ್ಲ. ಅರಸರೂ ಚಕ್ರವರ್ತಿಗಳೂ ಹೀಗೆ ಮಾಡಿದ್ದುಂಟು ಎಂದು ಸಮಜಾಯಿಷಿ ಕೊಡುತ್ತಾನೆ. ಕೊಟ್ಟದ್ದು ಮರ್ಯಾದೆ, ಪಡೆದದ್ದು ಆರ್ದ್ರ್. ಲೆಕ್ಕಾಚಾರ ತಪ್ಪಿರಲಿಲ್ಲ.

1169ರಲ್ಲಿ ಅಪ್ಪ ಸತ್ತ ಮೇಲೆ ಕೌಂಟನಾದ ಬಾಲ್ಡ್ವಿನ್ ಬಲು ತರಹೇವಾರಿ ಮನುಷ್ಯ. ಅವನಿಗೆ ವೀರದೀಕ್ಷೆ ಕೊಟ್ಟವನು ಥಾಮಸ್ ಬೆಕೆಟ್, ಆಗಿನ್ನೂ ಇಂಗ್ಲೆಂಡಿನ ಅರಸನ ಮಂತ್ರಿ. ಮುಂದೆ ಬೆಕೆಟ್ ಆರ್ಚ್‌ಬಿಷಪ್ ಆಗಿ, ಅರಸನೊಂದಿಗೆ ಜಗಳವಾಡಿ, ದೇಶ ಬಿಟ್ಟು, 1170ರಲ್ಲಿ ತಾಯ್ನಾಡಿಗೆ ಮರಳುವಾಗ ಗೀನಿನಲ್ಲಿ ಇಳಿದುಕೊಂಡ. ಆ ಡಿಸೆಂಬರಿನಲ್ಲೇ ಕ್ಯಾಂಟರ್‌ಬರಿಯಲ್ಲಿ ಅವನ ಕೊಲೆಯಾಯಿತು. ಬಾಲ್ಡ್ವಿನ್‌ಗೆ ಅಕ್ಷರ ಬರುತ್ತಿರಲಿಲ್ಲ, ಪುಸ್ತಕದ ಹುಚ್ಚು ಮಾತ್ರ ವಿಪರೀತ. ಲ್ಯಾಟಿನ್ ಬಲ್ಲವರನ್ನು ಮನೆಯಲ್ಲಿಟ್ಟುಕೊಂಡು ಅನುವಾದ ಮಾಡಿಸಿ, ಓದಿಸಿ ಕೇಳುತ್ತಿದ್ದ. ಪರಮಗೀತೆಯನ್ನು ವ್ಯಾಖ್ಯಾನದ ಸಮೇತ ಲಾಂದ್ರಿ ಎಂಬವನಿಂದ, ಸಂತ ಆಂಟನಿಯ ಜೀವನಚರಿತ್ರೆಯನ್ನು ಆಲ್‌ಫ್ರೆಡ್ ಎಂಬವನಿಂದ, ಪ್ರಕೃತಿಯ ವಿಸ್ಮಯಗಳನ್ನು ಹೇಳುವ ಸೋಲಿನಸ್‌ನ ಗ್ರಂಥವನ್ನು ಬೂಲೋನಿನ ಸೈಮನ್‌ನಿಂದ ತನ್ನವರ ಆಡುಮಾತಿಗೆ ತರಿಸಿದ. ಪುಸ್ತಕ ನೋಡಿಕೊಳ್ಳಲು ಹಸಾರ್ ಎಂಬ ಆಳು. ಕೇಳಿದ್ದನ್ನು ನೆನಪಿಟ್ಟುಕೊಂಡು ಪಂಡಿತರ ಜತೆ ವಾದಕ್ಕಿಳಿಯುತ್ತಿದ್ದ. ಓದುಬರಹ ಬಾರದವನು ಬಹುಶ್ರುತನಾಗಬಹುದೆಂಬುದು ಯಕ್ಷಗಾನದ ಅರ್ಥಧಾರಿಗಳನ್ನು ಕಂಡ ನಮಗೆ ಹೊಸತಲ್ಲ, ಲ್ಯಾಂಬರ್ಟ್‌ಗೆ ಮಾತ್ರ ಅದು ಪವಾಡ.

ಜೊತೆಗೇ ಈ ಮನುಷ್ಯನಿಗೆ ಚರ್ಚಿನ ಗಂಟೆಗಿಂತ ಬೇಟೆಯ ಕೊಂಬಿನ ಸದ್ದು ಬೇಗ ಕೇಳಿಸುತ್ತಿತ್ತು. ಅತಿಥಿ ಸತ್ಕಾರದ ಒಂದು ಪ್ರಸಂಗವಂತೂ ರಸವತ್ತಾಗಿದೆ. ಬೆಕೆಟ್‌ನ ಸಮಾಧಿ ನೋಡಲು ಹೊರಟ ರ‍್ಯಾನ್ಸಿನ ಆರ್ಚ್‌ಬಿಷಪ್ ವಿಲಿಯಂ ಪರಿವಾರದೊಡನೆ ಆರ್ದ್ರಿನಲ್ಲಿ ಊಟಕ್ಕೆ ಕುಳಿತ. ದ್ರಾಕ್ಷಾರಸದ ಮೇಲೆ ದ್ರಾಕ್ಷಾರಸ. ಅದರ ಅಮಲು ತಗ್ಗಿಸಲು ಬೆರೆಸಿಕೊಳ್ಳುವುದಕ್ಕೆ ಫ್ರೆಂಚರು ನೀರು ಕೇಳಿದರು. ಬಾಲ್ಡ್ವಿನ್‌ನ ಕಣ್ಸನ್ನೆಯಂತೆ ನೀರಿನ ಪಾತ್ರೆಗಳಲ್ಲಿ ಬಂದದ್ದು ಬಿಳಿಯ ದ್ರಾಕ್ಷಾರಸ! ನೀರೆಂದು ಸುರಿದುಕೊಂಡಷ್ಟೂ ಅಮಲೇರಿತು. ಆರ್ಚ್‌ಬಿಷಪ್‌ಗೆ ಗುಮಾನಿ ಬಂದು, ನಿಜವಾದ ನೀರಿನ ಹೂಜಿ ತರಿಸಪ್ಪಾ ಎಂದ. ಬಾಲ್ಡ್ವಿನ್ ತರುವವನಂತೆ ಎದ್ದು ಹೊರಹೋಗಿ ಸಿಕ್ಕ ಹೂಜಿಗಳನ್ನೆಲ್ಲ ಒದ್ದು ಪುಡಿಮಾಡಿದ, ತಾನೇ ಕುಡಿದು ಚಿತ್ತಾದವನಂತೆ ಹುಡುಗರ ಮುಂದೆ ಕುಣಿದಾಡಿದ. ಪುರಾಣ ಗ್ರಂಥಗಳನ್ನು ಓದಿಸಿ ಕೇಳುತ್ತಿದ್ದವನೂ ಇವನೇ.

ಕ್ರಿಸ್ಟೀನ್ 1177ರಲ್ಲಿ ಬಾಣಂತಿಯಾಗಿದ್ದಾಗ ಸತ್ತಳು. ಬಾಲ್ಡ್ವಿನ್ ಹಾಸಿಗೆ ಹಿಡಿದ. ಎಷ್ಟೋ ದಿನ ಎದುರಿಗೆ ನಿಂತವರು ಯಾರೆಂದೂ ಗುರುತು ಹತ್ತುತ್ತಿರಲಿಲ್ಲ, ವೈದ್ಯರು ಕೈಚೆಲ್ಲಿದ್ದರು. ಮದುವೆಯೆಂದರೆ ಬರೀ ಲೆಕ್ಕಾಚಾರ ಎಂದು ಇಷ್ಟು ಹೊತ್ತು ಬರೆದುಕೊಂಡು ಬಂದ ನನ್ನ ಲೇಖನಿ ಇಲ್ಲಿ ತಡವರಿಸುತ್ತದೆ. ಲೆಕ್ಕ ಹಾಕಿ ತಂದ ಹೆಂಡತಿಯ ಮೇಲೆ ಮನಸ್ಸು ಬೀಳಬಾರದೆಂದು ಯಾರು ಹೇಳಿದರು? ಚೇತರಿಸಿಕೊಂಡ ಮೇಲೆ ಅವನು ಮತ್ತೆ ಮದುವೆಯಾಗಲಿಲ್ಲ. ಇಲ್ಲಿ ಮತ್ತೆ ಲೆಕ್ಕ ತಲೆಯೆತ್ತುತ್ತದೆ: ಎರಡನೆಯ ಧರ್ಮಪತ್ನಿ ಬಂದರೆ ಎರಡನೆಯ ಸಾಲು ಹಕ್ಕುದಾರರು ಹುಟ್ಟುತ್ತಾರೆ, ಆಸ್ತಿ ಹರಿದು ಹಂಚಾಗುತ್ತದೆ. ಸಿಕ್ಕಸಿಕ್ಕ ಹೆಂಗಸರಲ್ಲಿ ಹುಟ್ಟಿದವರಿಗೆ ಆ ಹಕ್ಕಿಲ್ಲ. ಅವರು ಮನೆಯಲ್ಲಿ ಬೆಳೆಯಬಹುದು, ಸೈನಿಕರಾಗಬಹುದು, ಚರ್ಚಿಗೆ ಸೇರಬಹುದು, ಸೀಮೆಯನ್ನು ಕೇಳುವಂತಿಲ್ಲ. ಹಾಗಾಗಿ 33 ಮಕ್ಕಳಿದ್ದರೂ ಗೀನ್ ಒಡೆಯಲಿಲ್ಲ. ಆ ಹೆಂಗಸರ ಪಾಡು ಏನಾಯಿತೆಂಬ ಪ್ರಶ್ನೆ ನಮ್ಮ ಪಾದ್ರಿಯ ತಲೆಗೆ ಬಂದಂತಿಲ್ಲ.

ಹಕ್ಕುದಾರ ಒಬ್ಬನೇ, ಹಿರಿಯ ಮಗ ಅರ್ನೋಲ್ಡ್. ಫ್ಲಾಂಡರ್ಸ್‌ನ ಕೌಂಟ್ ಫಿಲಿಪ್‌ನ ಆಸ್ಥಾನದಲ್ಲಿ ಬೆಳೆದ ಇವನಿಗೆ 1181ರ ಪೆಂತೆಕೊಸ್ತ ಹಬ್ಬದಂದು ಅಪ್ಪನೇ ವೀರದೀಕ್ಷೆ ಕೊಟ್ಟ. ಅಂದು ಅರ್ನೋಲ್ಡ್ ಹಾಡುಗಾರರಿಗೂ ವಿದೂಷಕರಿಗೂ ಬೇಡಿದವರಿಗೂ ಎರಡೂ ಕೈಯಿಂದ ದುಡ್ಡು ಚೆಲ್ಲಿ ತನ್ನ ಚೀಲ ಬರಿದು ಮಾಡಿಕೊಂಡ. ಆಮೇಲೆ ಊರೂರಿನ ಪಂದ್ಯಗಳು. ಆ ಕಾಲದ ಪಂದ್ಯವೆಂದರೆ ಎರಡು ಗುಂಪು ಕುದುರೆ ಸವಾರರು ಬಯಲಲ್ಲಿ ಡಿಕ್ಕಿ ಹೊಡೆದು, ಸೋತವನ ಕುದುರೆ ಕವಚಗಳನ್ನು ಕಸಿದು, ಬಿಡುಗಡೆಗೆ ಹಣ ಕೀಳುವ ಸಾಚಾ ಕಾಳಗ. ಅಪ್ಪ ಬುದ್ಧಿ ಹೇಳಲೆಂದು ಹಿರಿಯರನ್ನು ಜೊತೆಗೆ ಕಳುಹಿಸಿದ. ಬುದ್ಧಿಗಿಂತ ಖರ್ಚು ಹೆಚ್ಚಿತು. ಜೆರುಸಲೇಮ್ ಬಿಡಿಸಲು ಧರ್ಮಯುದ್ಧಕ್ಕೆ ಹೋಗುತ್ತೇನೆಂದು ಶಿಲುಬೆ ಧರಿಸಿ, ಅದಕ್ಕಾಗಿ ಎತ್ತಿದ ಹಣವನ್ನು ಮೋಜಿನಲ್ಲಿ ಮುಗಿಸಿ, ಹೋಗದೇ ಉಳಿದ.

ಪಂದ್ಯಗಳಲ್ಲಿ ಗಳಿಸಿದ ಹೆಸರು ಬೂಲೋನಿನ ಕೌಂಟೆಸ್ ಇಡಾಳ ಕಿವಿಗೂ ಬಿತ್ತು. ಇಂಗ್ಲೆಂಡಿನ ಅರಸ ಸ್ಟೀಫನ್‌ನ ಮೊಮ್ಮಗಳು, ಎರಡು ಸಲ ವಿಧವೆ, ಪಕ್ಕದ ದೊಡ್ಡ ಸೀಮೆಯ ಒಡತಿ. ಗುಟ್ಟಿನ ಓಲೆಗಳು ಓಡಾಡಿದವು. ಅರ್ನೋಲ್ಡ್ ಅವಳನ್ನು ಪ್ರೀತಿಸಿದನೋ ಪ್ರೀತಿಸಿದಂತೆ ನಟಿಸಿದನೋ, ಬೂಲೋನಿನ ನೆಲದ ಮೇಲಂತೂ ಅವನಿಗೆ ಕಣ್ಣಿತ್ತು ಎಂದು ಲ್ಯಾಂಬರ್ಟ್ ಬಾಯಿ ಬಿಟ್ಟೇ ಹೇಳುತ್ತಾನೆ. ಅಷ್ಟರಲ್ಲಿ ರೆನೋ ದ ದಾಮಾರ್ತಾಂ ಎಂಬ ಇನ್ನೊಬ್ಬ ಉಮೇದುವಾರ ಇಡಾಳನ್ನು ಎತ್ತಿಕೊಂಡು ಲೊರೇನಿನತ್ತ ಹೊರಟೇಹೋದ. ಬಂದು ಬಿಡಿಸು ಎಂದು ಇಡಾಳಿಂದ ಸುದ್ದಿ ಬಂತು. ಅರ್ನೋಲ್ಡ್ ಹಿಂದೆಯೇ ಓಡಿದ. ವೆರ್ದಾಂನಲ್ಲಿ ಬಲೆ ಕಾದಿತ್ತು, ಸಿಕ್ಕಿಬಿದ್ದು ಸೆರೆಯಾದ. ಕೊನೆಗೆ ಅವನನ್ನು ಬಿಡಿಸಿದವನು ಅದೇ ರ‍್ಯಾನ್ಸಿನ ಆರ್ಚ್‌ಬಿಷಪ್, ಅಪ್ಪನ ಮನೆಯಲ್ಲಿ ನೀರು ಸಿಗದವನು. ಎಲ್ಲ ತಪ್ಪನ್ನೂ ಲ್ಯಾಂಬರ್ಟ್ ಹೆಣ್ಣಿನ ಚಂಚಲತೆಗೆ ಕಟ್ಟುತ್ತಾನೆ. ಒಬ್ಬ ನೆಲಕ್ಕಾಗಿ ಓಲೈಸಿ ಇನ್ನೊಬ್ಬ ನೆಲಕ್ಕಾಗಿ ಹೊತ್ತೊಯ್ದ ಹೆಂಗಸು ಸ್ಥಿರಚಿತ್ತಳಾಗಿ ಏನು ಮಾಡಬೇಕಿತ್ತೋ ಅವನೇ ಹೇಳಬೇಕು. ಬೂಲೋನ್ ದಕ್ಕಿಸಿಕೊಂಡ ರೆನೋ 1214ರಲ್ಲಿ ಬೂವೀನ್ ಕಾಳಗದಲ್ಲಿ ಅರಸನ ಎದುರುಪಕ್ಷ ಸೇರಿ ಸೆರೆಸಿಕ್ಕು, ಸೆರೆಯಲ್ಲೇ ಸತ್ತ.

ಅರ್ನೋಲ್ಡನಿಗೆ ಹೆಣ್ಣು ಸಿಕ್ಕಿದ್ದು ಬೂರ್‌ಬೂರಿನ ಹಳೆಯ ಬೀಗರ ಮನೆಯಲ್ಲೇ. ಆ ಹೆನ್ರಿ ಎರಡನೆಯ ಮದುವೆಯಾಗಿ 12 ಮಕ್ಕಳನ್ನು ಪಡೆದಿದ್ದ, ಅವರಲ್ಲಿ ಏಳು ಗಂಡು. ಏಳು ಗಂಡುಮಕ್ಕಳಿದ್ದ ಮನೆಗೆ ವಾರಸುದಾರರ ಚಿಂತೆಯೇ ಎನಿಸಬಹುದು. ಇಬ್ಬರು ಚರ್ಚಿಗೆ ಹೋದರು, ಇಬ್ಬರು ಹರೆಯದಲ್ಲೇ ಸತ್ತರು, ಒಬ್ಬ ಪಂದ್ಯದಲ್ಲಿ ಕಣ್ಣು ಕಳೆದುಕೊಂಡ, ಹಿರಿಯವನಿಗೆ ಮಕ್ಕಳಾಗಲಿಲ್ಲ. ಉಳಿದ ಒಬ್ಬನ ಮಗನೂ ಸತ್ತು, ಎಲ್ಲವೂ ಬಂದು ನಿಂತದ್ದು ಅವನ ಮಗಳು ಬಿಯಾಟ್ರಿಸ್ ಬಳಿ. ಅವಳೇ 1194ರಲ್ಲಿ ಅರ್ನೋಲ್ಡನ ವಧು.

ಈ ಮದುವೆಯ ದಿನವೇ ನಮ್ಮ ಲ್ಯಾಂಬರ್ಟ್‌ನ ಗ್ರಹಚಾರ ಕೆಟ್ಟದ್ದು. ವಿಧವೆಯೊಬ್ಬಳ ಗಿರಣಿ ಹಾಳುಗೆಡವಿದ್ದಕ್ಕೆ ಅರ್ನೋಲ್ಡನ ಮೇಲೆ ಚರ್ಚಿನ ಬಹಿಷ್ಕಾರವಿತ್ತು. ಬಹಿಷ್ಕೃತನಿಗೆ ಮದುವೆಯ ಗಂಟೆ ಬಾರಿಸುವಂತಿಲ್ಲ. ಬಹಿಷ್ಕಾರ ತೆಗೆದಾಗಿದೆ, ಗಂಟೆ ಬಾರಿಸು ಎಂದು ಬಾಲ್ಡ್ವಿನ್ ಹೇಳಿಕಳಿಸಿದ. ಕಾಗದ ನೋಡದೆ ಹೇಗೆ ಬಾರಿಸಲಿ ಎಂದು ಲ್ಯಾಂಬರ್ಟ್ ಎರಡು ತಾಸು ತಡಮಾಡಿದ. ಅಷ್ಟೇ. ಕೌಂಟ್ ಕೆಂಡಾಮಂಡಲವಾದ. ಅವನ ಗುಡುಗಿಗೆ ಕಣ್ಣು ಕತ್ತಲೆಗಟ್ಟಿ ಲ್ಯಾಂಬರ್ಟ್ ಕುದುರೆಯ ಮೇಲಿಂದ ಅವನ ಕಾಲ ಬಳಿಯೇ ಉರುಳಿದ. ಸವಾರರು ಎತ್ತಿ ಮತ್ತೆ ಕುದುರೆಯ ಮೇಲೆ ಕೂರಿಸಿದರು. ಅಂದಿನಿಂದ ಕೌಂಟ್ ತನ್ನನ್ನು ಮೊದಲಿನಂತೆ ಕಾಣಲಿಲ್ಲ, ಕೆಲಸವಿದ್ದಾಗ ಮಾತ್ರ ನಗುಮುಖ ಎಂದು ಪಾದ್ರಿ ಅಲವತ್ತುಕೊಳ್ಳುತ್ತಾನೆ. ಒಡೆಯನ ಮನ ಗೆಲ್ಲಲು ಹುಟ್ಟಿದ್ದೇ ಈ ಚರಿತ್ರೆ. ಕಾಗದ ನೋಡಿ ಬಾರಿಸೋಣ ಎಂದ ಆ ಎರಡು ತಾಸಿಗೆ ನಾವೆಲ್ಲ ಋಣಿಗಳು.

ಅದೇ ರಾತ್ರಿ ವಧೂವರರು ಮಂಚ ಏರಿದ ಮೇಲೆ ಬಾಲ್ಡ್ವಿನ್ ಇದೇ ಲ್ಯಾಂಬರ್ಟ್‌ನನ್ನೂ ಅವನ ಪಾದ್ರಿ ಮಕ್ಕಳನ್ನೂ ಕೋಣೆಗೆ ಕರೆಸಿದ. ತೀರ್ಥ ಚಿಮುಕಿಸಿ, ಮಂಚಕ್ಕೆ ಧೂಪ ಹಾಕಿ ಹರಸಿದರು. ಆಮೇಲೆ ಅಪ್ಪ ತಾನೇ ಮುಂದೆ ಬಂದು ಕೈಯೆತ್ತಿ, ಅಬ್ರಹಾಮನ ಸಂತತಿಯನ್ನು ಬೆಳೆಸಿದ ದೇವರು ಇವರಿಬ್ಬರನ್ನು ಒಮ್ಮನಸ್ಸಿನಿಂದ ಇಡಲಿ, ಇವರ ಬೀಜ ಬೆಳೆಯಲಿ ಎಂದು ಬೇಡಿಕೊಂಡ. ಮನೆತನದ ಯಜಮಾನ, ಚರ್ಚಿನ ಪಾದ್ರಿ, ಮಂಚದ ಮೇಲೆ ಇಬ್ಬರು: ಸೀಮೆಯ ರಾಜಕೀಯವೆಲ್ಲ ಆ ಒಂದು ಕೋಣೆಯಲ್ಲಿ ಮುಗಿಯುತ್ತಿತ್ತು.

ಮದುವೆಯ ನಂತರವೂ ಅರ್ನೋಲ್ಡ್ ಹುಡುಗರ ಒಡನಾಟ ಬಿಡಲಿಲ್ಲ. ಒಮ್ಮೆ ಎರಡು ಹಗಲು ಒಂದು ರಾತ್ರಿ ಗಾಳಿಮಳೆ ಹೊಡೆದು ಎಲ್ಲರೂ ಆರ್ದ್ರಿನಲ್ಲಿ ಸಿಕ್ಕಿಹಾಕಿಕೊಂಡಾಗ ಒಬ್ಬ ಮುದುಕ ರೋಮಿನ ಚಕ್ರವರ್ತಿಗಳ, ಶಾರ್ಲಮೇನನ, ಆರ್ಥರ್ ದೊರೆಯ ಕಥೆ ಹೇಳಿದ. ಇನ್ನೊಬ್ಬ ಜೆರುಸಲೇಮಿನ ಕಡೆಯದು ಹೇಳಿದ. ಮನೆತನದ ಹಿರಿಯರ ಕಥೆ ಹೇಳುವ ಸರದಿ ಬಂದದ್ದು ಲೆ ಕ್ಲೂದಿನ ವಾಲ್ಟರ್‌ಗೆ. ಆರ್ದ್ರಿನ ಹಿಂದಿನ ಒಡೆಯನಿಗೆ ಮದುವೆಯಾಚೆ ಹುಟ್ಟಿದ ಮಗ ಅವನು. ಆಸ್ತಿಯಲ್ಲಿ ಒಂದು ಗೇಣು ಹಕ್ಕಿಲ್ಲದವನ ಬಾಯಲ್ಲಿ ವಂಶಾವಳಿ ಪೂರ್ತಿ ಇತ್ತು, ಲ್ಯಾಂಬರ್ಟ್ ತನ್ನ ಪುಸ್ತಕದ ಆರ್ದ್ರಿನ ಭಾಗವನ್ನು ಅವನ ಬಾಯಲ್ಲೇ ಹೇಳಿಸುತ್ತಾನೆ.

ಅರ್ನೋಲ್ಡ್ 1220ರವರೆಗೆ ಬಾಳಿದ. ಇಷ್ಟೆಲ್ಲ ಕೂಡಿ ಕಳೆದು ಉಳಿಸಿದ ಸೀಮೆಯನ್ನು 1280ರ ದಶಕದ ಆರಂಭದಲ್ಲಿ ಬಾಲ್ಡ್ವಿನ್‌ನ ಮರಿಮಗ ಮೂರನೆಯ ಅರ್ನೋಲ್ಡ್, ಸಾಲದ ಹೊರೆ ತಾಳದೆ, ಫ್ರಾನ್ಸಿನ ಅರಸನಿಗೆ ಮಾರಿಬಿಟ್ಟ. ಮುಂದಿನ ಶತಮಾನದ ಯುದ್ಧಗಳಲ್ಲಿ ಗೀನ್ ಇಂಗ್ಲಿಷರ ಪಾಲಾಯಿತು, ಆರ್ದ್ರ್ ಕೊನೆಗೆ ಫ್ರೆಂಚರ ಬಳಿ ಉಳಿಯಿತು. 1520ರ ಜೂನ್‌ನಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ ಗೀನಿನಲ್ಲೂ ಫ್ರಾನ್ಸಿನ ಒಂದನೆಯ ಫ್ರಾನ್ಸಿಸ್ ಆರ್ದ್ರಿನಲ್ಲೂ ಬೀಡುಬಿಟ್ಟು, ಜರತಾರಿಯ ಡೇರೆ ಹಾಕಿಸಿ, ನಡುವಿನ ಬಯಲಿನಲ್ಲಿ ಭೇಟಿಯಾದರು. ಕ್ರಿಸ್ಟೀನಳನ್ನು ಕೊಟ್ಟು ತಂದು ಬೆಸೆದಿದ್ದ ಎರಡು ಊರುಗಳ ನಡುವೆ ಆಗ ಎರಡು ರಾಜ್ಯಗಳ ಗಡಿ ಹಾದುಹೋಗಿತ್ತು.